ಸಸಿ ಕೀಳೋಕೆ ಕೈ ಬರಲ್ವಾ? ತೊಗರಿ ಹೊಲಕ್ಕೆ ಜಾಗದ ಲೆಕ್ಕ

ಜುಲೈನಲ್ಲಿ ಆಳಂದ ರಸ್ತೆಯಲ್ಲಿ ಹೋಗುವಾಗ ನೋಡಿ, ತೊಗರಿ ಸಾಲು ಒತ್ತಾಗಿ ಹಸಿರು ಗಾದಿ ಹಾಸಿದಂತೆ ಕಾಣುತ್ತದೆ. ನೋಡೋಕೆ ಚೆಂದ. ನವೆಂಬರಿನಲ್ಲಿ ಅದೇ ಹೊಲಕ್ಕೆ ಇಳಿದರೆ ಗಿಡವೆಲ್ಲ ಕೋಲಿನಂತೆ ಉದ್ದ, ತುದಿಯಲ್ಲಿ ನಾಲ್ಕು ಕಾಯಿ. 2019ರಲ್ಲಿ ಜಿಐ ಟ್ಯಾಗ್ (ಈ ಊರಿನದೇ ಅನ್ನೋ ಸರ್ಕಾರಿ ಗುರುತು) ಪಡೆದ ಬೇಳೆ ನಮ್ಮ ಕಲಬುರಗಿಯದು, ಆದರೂ ಒತ್ತಾಗಿ ಬೆಳೆಸುವ ಇದೇ ತಪ್ಪು ಪ್ರತಿ ವರ್ಷ.

ಮೊದಲು ಗೊಬ್ಬರ. ಎಕರೆಗೆ 2-3 ಟನ್ ತಿಪ್ಪೆ ಗೊಬ್ಬರ, ಬಿತ್ತನೆಗೆ ಎರಡು-ಮೂರು ವಾರ ಮುಂಚೆ ಚೆಲ್ಲಿ ಕುಂಟೆ ಹೊಡೆಯಿರಿ. ತಿಪ್ಪೆಯೊಳಗೆ ಕೈ ಹಾಕಿದಾಗ ಬಿಸಿ ಹತ್ತಿದರೆ ಇನ್ನೂ ಕಳಿತಿಲ್ಲ ಅಂತ ಅರ್ಥ. ಹಸಿ ಗೊಬ್ಬರವನ್ನೇ ಹಾಕಿದರೆ ಗೊಣ್ಣೆ ಹುಳು, ಗೆದ್ದಲನ್ನು ನೀವೇ ಗಾಡಿ ಕಟ್ಟಿ ತಂದಂತೆ. ಗಿಡ ಬಾಡಿ ಒಣಗುವ ನೆಟೆ ರೋಗದ ಹೊಲವಾದರೆ, ಆ ರೋಗ ತಡೆಯುವ ಒಳ್ಳೆಯ ಶಿಲೀಂಧ್ರ ಟ್ರೈಕೋಡರ್ಮಾವನ್ನು 2 ಕೆ.ಜಿ. ತಂದು ಒಂದು ಕ್ವಿಂಟಲ್ ಕಳಿತ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ಹಸಿ ಗೋಣಿ ಮುಚ್ಚಿ ಹದಿನೈದು ದಿನ ಇಟ್ಟು ಆಮೇಲೆ ಹಾಕಿ. ಅಂಗಡಿಯ 'ಸಾವಯವ' ಚೀಲ ನಾನೂ ಒಮ್ಮೆ ತಂದಿದ್ದೆ. ಬಕೆಟ್ ನೀರಿಗೆ ಹಾಕಿದರೆ ತಳದಲ್ಲಿ ಬರೀ ಮರಳು.

ಸಾಲಿನಿಂದ ಸಾಲಿಗೆ 4 ಅಡಿ, ಗಿಡದಿಂದ ಗಿಡಕ್ಕೆ 1 ಅಡಿ. ಎಕರೆಗೆ ಹತ್ತಿರ ಹತ್ತಿರ 10,900 ಗಿಡ. ಆಳ ಎರೆ ಭೂಮಿಯಲ್ಲಿ, ಅದೂ ಗೊಬ್ಬರ ಉಂಡ ಹೊಲದಲ್ಲಿ, ನಾನಂತೂ 5 ಅಡಿಯೇ ಬಿಡುತ್ತೇನೆ. ಗಿಡ ಕೊಂಬೆ ಚಾಚಬೇಕಲ್ವಾ? ಗೊಬ್ಬರ ಹಾಕಿ ಜಾಗ ಕೊಡದಿದ್ದರೆ ಎತ್ತಿಗೆ ಹಿಂಡಿ ತಿನ್ನಿಸಿ ಕೊಟ್ಟಿಗೆಯಲ್ಲೇ ಕಟ್ಟಿದ ಹಾಗೆ. ತೆಳು ಮಡ್ಡಿ ನೆಲಕ್ಕೆ 3 ಅಡಿ ಸಾಕು.

ಎಲ್ಲರೂ ಎಡವುವುದು ಮುಂದೆ. ಕೂರಿಗೆಯಲ್ಲಿ ಬಿತ್ತಿದರೆ ಕಾಳು ಲೆಕ್ಕವಿಲ್ಲದೆ ಬೀಳುತ್ತದೆ, ಒಂದು ಅಡಿಯಲ್ಲಿ ಐದಾರು ಸಸಿ. 20-25 ದಿನಕ್ಕೆ, ಮಳೆ ಬಂದ ಮರುದಿನ ನೆಲ ಮೆತ್ತಗಿರುವಾಗ, ಅಡಿಗೊಂದು ಬಿಟ್ಟು ಉಳಿದದ್ದು ಕೀಳಿ. ದಪ್ಪ ಕಾಂಡದ್ದು ಉಳಿಯಲಿ, ಎತ್ತರದ್ದಲ್ಲ. ಒತ್ತಿನಲ್ಲಿ ಸಿಕ್ಕ ಸಸಿ ಬೆಳಕು ಹುಡುಕಿ ಉದ್ದವಾಗುತ್ತದೆ, ಅಷ್ಟೇ. ಎರಡು ಸಸಿ ಅಂಟಿಕೊಂಡೇ ಇದ್ದರೆ ಜಗ್ಗಬೇಡಿ, ಪಕ್ಕದ ಬೇರೂ ಅಲುಗುತ್ತದೆ. ಕುರ್ಪಿಯಿಂದ ನೆಲಮಟ್ಟಕ್ಕೆ ಕತ್ತರಿಸಿ. 'ಹುಟ್ಟಿದ್ದನ್ನು ಕೀಳ್ತೀಯಾ' ಅಂತ ನಮ್ಮಮ್ಮ ಬದುವಿನ ಮೇಲೆ ಕೂತು ಬೈಯುತ್ತಿದ್ದಳು. ಅದಕ್ಕೇ ಈಗ ಕಾಳು ಒಂದೊಂದೇ ಊರುತ್ತೇನೆ. ಕೂಲಿ ಜಾಸ್ತಿ, ಬೈಗುಳ ಕಡಿಮೆ.

ಸಾಲಿನ ನಡುವೆ ಕಳೆಗೆ ಎಡೆ ಹೊಡೆಯುವುದು ನಿಮಗೆ ಗೊತ್ತೇ ಇದೆ. 45-50 ದಿನಕ್ಕೆ ಕುಡಿ ಚಿವುಟಿ, ತುದಿಯ ಎರಡು ಇಂಚು ಸಾಕು. ಚಿವುಟಿದ್ದನ್ನು ಮೇಕೆಗೆ ಹಾಕಿ.