ಮೇಣದ ಕಾಗದದಲ್ಲಿ ವರ್ಸೇಲ್ಸ್ ಕಾರಂಜಿ: ನನ್ನ ಅನುಭವ

ಹತ್ತೊಂಬತ್ತನೇ ಶತಮಾನದ ಅರಮನೆ ತೋಟದ ಫೋಟೊಗಳಲ್ಲಿ ಜನ ಕಾಣುವುದು ಅಪರೂಪ. ಚಿಮ್ಮುವ ನೀರು ಬರೀ ಹೊಗೆ. ಅದೇಕೆಂದು ಕೈಯಾರೆ ಮಾಡಿ ನೋಡುವ ಹಟ ಹತ್ತಿತು. 1851ರಲ್ಲಿ ಫ್ರೆಂಚ್ ಫೋಟೊಗ್ರಾಫರ್ ಗುಸ್ತಾವ್ ಲ ಗ್ರೇ ಪ್ರಕಟಿಸಿದ, ಮೇಣ ಕುಡಿಸಿದ ಕಾಗದವನ್ನೇ ನೆಗೆಟಿವ್ ಮಾಡಿಕೊಳ್ಳುವ ವಿಧಾನದಲ್ಲಿ ಪ್ಯಾರಿಸ್ ಬಳಿಯ ಅರಮನೆ ವರ್ಸೇಲ್ಸ್‌ನ ಲಾತೋನ ಕಾರಂಜಿಯ ಫೋಟೊ ತೆಗೆದೆ.

ಅದೇ ವರ್ಷ ಬಂದ ಕೊಲೋಡಿಯನ್ ಎಂಬ ಅಂಟುದ್ರವ ಬಳಿದ ಗಾಜಿನ ನೆಗೆಟಿವ್ ಇದಕ್ಕಿಂತ ಚುರುಕು. ಆದರೆ ಅದು ಹಸಿಯಿರುವಾಗಲೇ ಎಲ್ಲ ಮುಗಿಯಬೇಕು, ತೋಟದಲ್ಲೇ ಕತ್ತಲೆ ಡೇರೆ ಹೂಡಬೇಕು. ಕಾಗದವನ್ನಾದರೆ ಮನೆಯಲ್ಲಿ ತಯಾರಿಸಿ ಒಯ್ಯಬಹುದು. ತೆಳ್ಳನೆಯ ಹಾಳೆಗೆ ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಜೇನುಮೇಣ ಕುಡಿಸಿ, ಹೆಚ್ಚಾದದ್ದನ್ನು ಹೀರುಕಾಗದಕ್ಕೆ ಬಿಟ್ಟೆ. ಆಮೇಲೆ ಅಯೊಡೈಡ್ ದ್ರಾವಣ. ಅದಕ್ಕೆ ಲ ಗ್ರೇ ಅಕ್ಕಿ ಬೇಯಿಸಿದ ನೀರು ಬೆರೆಸುತ್ತಿದ್ದ. ಗಂಜಿ ಬಸಿಯುವುದನ್ನು ನಮಗೆ ಫ್ರೆಂಚರು ಕಲಿಸಬೇಕೆ? ಕೊನೆಗೆ ಕೆಂಪು ದೀಪದಡಿ, ಕಾಗದಕ್ಕೆ ಬೆಳಕು ಹಿಡಿಯುವ ಗುಣ ಕೊಡುವ ಸಿಲ್ವರ್ ನೈಟ್ರೇಟ್, ತೊಳೆತ, ಒಣಗಿಸುವುದು. ಕೈಗವಸು ಬೇಕೇ ಬೇಕು.

ಈ ಕಾಗದಕ್ಕೆ ನೀಲಿ ಮತ್ತು ಅತಿನೇರಳೆ ಬೆಳಕು ಮಾತ್ರ ಕಾಣಿಸುತ್ತದೆ. ಹಾಗಾಗಿ ಮುದ್ರಿಸಿದ ಚಿತ್ರದಲ್ಲಿ ಆಕಾಶ ಬರೀ ಬಿಳಿ, ಹುಲ್ಲು ಕಪ್ಪು. ಕಾರಂಜಿಯ ನಡುವಿನ ದೇವತೆ ಲಾತೋನಳ ಸುತ್ತಲಿನ ಚಿನ್ನದ ಲೇಪದ ಸೀಸದ ಕಪ್ಪೆಗಳೂ ಕಪ್ಪೇ! ಆಕಾಶದ ಎದುರು ನೀರು ಅಡಗಿಹೋಗುತ್ತದೆ. ಅದಕ್ಕೇ ಬೆಳಿಗ್ಗೆ, ಅರಮನೆ ಕಡೆಯ ಮೆಟ್ಟಿಲ ಮೇಲೆ ಕ್ಯಾಮೆರಾ ಇಟ್ಟು, ನೀರಿನ ಹಿಂದೆ ಹುಲ್ಲುಹಾಸು ಬರುವಂತೆ ನೋಡಿಕೊಂಡೆ. ಸ್ಟ್ಯಾಂಡ್ ಇಡಲು ಮೊದಲೇ ಅನುಮತಿ ಪಡೆದಿದ್ದೆ.

ಕಾರಂಜಿಗಳು ಆಡುವುದು ಗೊತ್ತಾದ ಹೊತ್ತಿಗೆ ಮಾತ್ರ. ಹದಿನಾಲ್ಕನೇ ಲೂಯಿಯ ಕಾಲದಲ್ಲೂ ನೀರು ಸಾಲುತ್ತಿರಲಿಲ್ಲ; ದೊರೆ ಹತ್ತಿರ ಬಂದಾಗ ಸೀಟಿ ಹೊಡೆದು ಸುದ್ದಿ ಮುಟ್ಟಿಸಿ ನೀರು ಬಿಡುತ್ತಿದ್ದರು. ನನಗೆ ಸೀಟಿ ಹೊಡೆಯುವವರಿರಲಿಲ್ಲ, ಗಡಿಯಾರ ನೋಡಿಕೊಂಡು ಕಾದೆ.

ಹತ್ತು ನಿಮಿಷದ ಹತ್ತಿರ ಲೆನ್ಸ್ ತೆರೆದಿಟ್ಟೆ. ಅಷ್ಟು ಹೊತ್ತು ಚಿಮ್ಮಿದ ಹನಿಗಳೆಲ್ಲ ಒಂದರ ಮೇಲೊಂದು ಕೂತು ಹೊಗೆಯಾದವು. ನಡೆದಾಡಿದವರು ಮಾಯ, ಕೂತಿದ್ದ ಒಬ್ಬರು ಮಸುಕಾಗಿ ಉಳಿದರು. ಕತ್ತರಿಸಿ ಗೋಪುರ ಮಾಡಿದ ಯೂ ಎಂಬ ನಿತ್ಯಹಸಿರು ಗಿಡಗಳು ಗಾಳಿಗೆ ಅಲುಗದೆ ಸ್ಪಷ್ಟವಾಗಿ ಬಂದವು, ದೂರದ ಮರಗಳು ಕಲಸಿಹೋದವು. ಇಷ್ಟು ನಿಧಾನದ ಕಾಗದಕ್ಕೆ ಫ್ರೆಂಚ್ ಮಾದರಿಯ ತೋಟಕ್ಕಿಂತ ಒಳ್ಳೆಯ ವಸ್ತು ಸಿಗಲಿಕ್ಕಿಲ್ಲ.

ಗ್ಯಾಲಿಕ್ ಆಮ್ಲದಲ್ಲಿ ಚಿತ್ರ ಮೂಡಲು ಗಂಟೆಗಟ್ಟಲೆ ಬೇಕು. ನಂತರ ಚಿತ್ರ ನಿಲ್ಲಿಸುವ ಹೈಪೊ ದ್ರಾವಣ, ಮತ್ತೆ ಇಸ್ತ್ರಿ, ಆಮೇಲೆ ಉಪ್ಪು ಮತ್ತು ಬೆಳ್ಳಿ ದ್ರಾವಣ ಹಚ್ಚಿದ ಉಪ್ಪುಕಾಗದದ ಮೇಲಿಟ್ಟು ಬಿಸಿಲಿನಲ್ಲಿ ಮುದ್ರಣ.

ನೀರು ಬಿಡದ ದಿನವೂ ಒಂದು ಹಾಳೆ ತೆಗೆದೆ. ನನ್ನ ಕಣ್ಣಿಗೆ ಅದೇ ಮೇಲು. ಹೊಸಬರು ನಿಂತ ನೀರಿನ ಕೊಳದಿಂದಲೇ ಶುರುಮಾಡಲಿ. ಬೆಳಕಿನ ಲೆಕ್ಕ ಕೈಗೆ ಹತ್ತಿದ ಮೇಲೆ ಕಾರಂಜಿಗೆ ಹೋಗಬಹುದು.