ಸೊಟ್ಟ ಕೊಕ್ಕಿನ ಗಿಳಿ ಹಿತ್ತಲಿಗೆ ಬಂದರೆ

ನಮ್ಮ ಹಿತ್ತಲಿನ ಸೀಬೆ ಮರಕ್ಕೆ ಬರುವ ಗಿಳಿಗಳಿಗೆ ದುಂದು ಜಾಸ್ತಿ. ಅರ್ಧ ಕಾಯಿ ಕಚ್ಚಿ, ಅರ್ಧ ಬಿಸಾಕಿ, ಇನ್ನೊಂದಕ್ಕೆ ಬಾಯಿ ಹಾಕುತ್ತವೆ. ಒಂದು ಗಿಳಿ ಮಾತ್ರ ಹಾಗಲ್ಲ. ಅಳಿಲು ತಿಂದು ಬಿಟ್ಟ, ಮೆತ್ತಗಾದ ಹಣ್ಣನ್ನೇ ಹುಡುಕಿ, ತಲೆ ಓರೆ ಮಾಡಿ ನೆಕ್ಕುತ್ತಿತ್ತು. ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದಾಗ ವಿಷಯ ಗೊತ್ತಾಯಿತು. ಮೇಲಿನ ಕೊಕ್ಕು ಎಡಕ್ಕೆ ಜಾರಿದೆ, ಕೆಳಗಿನದು ಬಲಕ್ಕೆ ಉದ್ದ ಬೆಳೆದಿದೆ. ಹಳೇ ಕತ್ತರಿಯ ಎರಡು ಅಲಗು ಒಂದಕ್ಕೊಂದು ಸೇರದ ಹಾಗೆ. ಮನೆ ಮಕ್ಕಳು ಅದಕ್ಕೆ ಕೊಕ್ಕೆ ಅಂತ ಹೆಸರಿಟ್ಟರು.

ಸಲಹೆಗೇನು ಬರ ಇಲ್ಲವಲ್ಲ. ಮಂಡ್ಯ ಕಡೆಯಿಂದ ಬಂದು ಮಗನ ಮನೆಯಲ್ಲಿರುವ ಎದುರುಮನೆ ಅಜ್ಜಿ, ‘ಪಾಪ, ಹಿಡ್ಕೊಂಡು ಗೂಡ್ಗೆ ಹಾಕ್ಬುಡವ್ವ, ಹೊಟ್ಟೆ ತುಂಬ ತಿನ್ಕೊಂಡಿರ್ತದೆ’ ಅಂದರು. ಮಹಡಿ ಮೇಲಿನ ಹುಡುಗ, ‘ನೈಲ್ ಕಟರ್ ಇದ್ಯಲ್ಲ ಆಂಟಿ, ಎರಡು ನಿಮಿಷದ ಕೆಲಸ’ ಅಂದ. ಇಬ್ಬರದೂ ಒಳ್ಳೆ ಮನಸ್ಸೇ. ಆದರೆ ಇಬ್ಬರ ಮಾತೂ ಕೇಳಬಾರದು.

ಗಿಳಿಯನ್ನು ಪಂಜರದಲ್ಲಿ ಸಾಕುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮ ಕಾಡು ಗಿಳಿಗಳಿಗೂ ಅನ್ವಯಿಸುತ್ತದೆ. 2022ರ ತಿದ್ದುಪಡಿಯಲ್ಲಿ ಅವು ಎರಡನೇ ಅನುಸೂಚಿಗೆ, ಅಂದರೆ ಕಾಯ್ದೆಯ ರಕ್ಷಿತ ಜೀವಿಗಳ ಪಟ್ಟಿಗೆ, ಸೇರಿವೆ. ಶಾಸ್ತ್ರ ಹೇಳುವವರ ಗಿಳಿಗೂ ಇದೇ ಕಾನೂನು. ‘ನಾನು ಕನಿಕರದಿಂದ ಸಾಕಿದೆ’ ಅಂದರೆ ನಡೆಯುವುದಿಲ್ಲ.

ನೈಲ್ ಕಟರ್ ಇನ್ನೂ ಅಪಾಯ. ಕೊಕ್ಕಿನ ಹೊರಗಿನ ಕವಚ ನಮ್ಮ ಉಗುರಿನ ಹಾಗೇ ಕೆರಾಟಿನ್. ಒಳಗೆ ಮಾತ್ರ ಮೂಳೆ, ರಕ್ತನಾಳ, ನರ ಎಲ್ಲ ಇವೆ. ತಪ್ಪಾದ ಕಡೆ ಕತ್ತರಿಸಿದರೆ ನೋವಿನ ಜೊತೆಗೆ ರಕ್ತವೂ ಸುರಿಯುತ್ತದೆ. ಗಿಳಿಯ ಕೊಕ್ಕು ಜೀವನವಿಡೀ ಬೆಳೆಯುತ್ತಲೇ ಇರುತ್ತದೆ. ಕಾಯಿ ಒಡೆದು, ಕೊಂಬೆ ಕಚ್ಚಿ, ಮೇಲಿನದೂ ಕೆಳಗಿನದೂ ಒಂದಕ್ಕೊಂದು ಉಜ್ಜಿ ಸವೆಯುತ್ತದೆ. ಜೋಡಣೆ ತಪ್ಪಿತೋ, ಸವೆಯುವ ಕೆಲಸ ನಿಂತುಹೋಗುತ್ತದೆ. ಪಶುವೈದ್ಯರು ಸಣ್ಣ ಯಂತ್ರದಿಂದ ಉಜ್ಜಿ ಸರಿ ಮಾಡಿದರೂ ಇಂಥ ಕೊಕ್ಕು ಮತ್ತೆ ಸೊಟ್ಟಕ್ಕೆ ಬೆಳೆಯುವುದೇ ಜಾಸ್ತಿ. ಪ್ರತಿ ಸಲ ಹಾರುವ ಹಕ್ಕಿಯನ್ನು ಯಾರು ಹಿಡಿಯುತ್ತಾರೆ?

ಮೊದಲು ಸುಮ್ನೆ ನೋಡಿ

ಒಂದು ವಾರ ಏನೂ ಮಾಡಬೇಡಿ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಿಟಕಿ ಹತ್ತಿರ ಕೂತು ನೋಡಿ, ಫೋಟೊ ತೆಗೆಯಿರಿ. ಗುಂಪಿನ ಜೊತೆ ಬಂದು ಗುಂಪಿನ ಜೊತೆಯೇ ಹೋಗುತ್ತಿದೆಯಾ? ನೇರವಾಗಿ ಹಾರುತ್ತಿದೆಯಾ? ನೀವು ಬಾಗಿಲು ತೆಗೆದ ಕೂಡಲೇ ಕಿರುಚಿ ಓಡುತ್ತಿದೆಯಾ? ಹಾಗಿದ್ದರೆ ಅದು ಸೊಟ್ಟ ಕೊಕ್ಕಿನಲ್ಲೇ ಬದುಕುವುದನ್ನು ಕಲಿತಿದೆ ಅಂತ ಅರ್ಥ. ಗರಿ ಮಾತ್ರ ಸ್ವಲ್ಪ ಕೊಳಕಾಗಿರುತ್ತದೆ, ಕೊಕ್ಕು ನೆಟ್ಟಗಿಲ್ಲದೆ ಗರಿ ತೀಡುವುದು ಕಷ್ಟ.

ಕೊಕ್ಕಿನ ಬುಡದಲ್ಲಿ ಜೇನುಗೂಡಿನಂಥ ಬಿಳಿ ಹೊಪ್ಪಳೆ ಇದ್ದರೆ ಅದು ಚರ್ಮ ಕೊರೆಯುವ ನುಸಿಯ ಕೆಲಸ ಇರಬಹುದು. ಪೆಟ್ಟು, ವಿಟಮಿನ್ ‘ಎ’ ಕೊರತೆ, ಲಿವರ್ ತೊಂದರೆ, ಇವೂ ಕೊಕ್ಕು ಕೆಡಿಸುತ್ತವೆ. ಎಲ್ಲಕ್ಕಿಂತ ಹೆದರಬೇಕಾದ್ದು ಗಿಳಿಗಳ ಕೊಕ್ಕು ಮತ್ತು ಗರಿಗೆ ಬರುವ ವೈರಸ್ ರೋಗಕ್ಕೆ. ಗರಿ ತಿರುಚಿ ಉದುರುತ್ತವೆ, ಕೊಕ್ಕು ಬಿರುಕು ಬಿಡುತ್ತದೆ. ಇದು ಮನುಷ್ಯರಿಗೆ ಅಂಟುವುದಿಲ್ಲ. ಆದರೆ ಗರಿಯ ಪುಡಿ, ಹಿಕ್ಕೆಯಿಂದ ಬೇರೆ ಗಿಳಿಗಳಿಗೆ ಹರಡುತ್ತದೆ. ಬೋಳು ಗಿಳಿಗಳು ಒಂದಕ್ಕಿಂತ ಹೆಚ್ಚು ಕಂಡರೆ ಬಟ್ಟಲು ಇಡುವ ಯೋಚನೆಯನ್ನೇ ಬಿಡಿ.

ನಾನು ಕೊಕ್ಕೆಯ ಫೋಟೊಗಳನ್ನು ಹಕ್ಕಿಗಳಿಗೆ ಚಿಕಿತ್ಸೆ ಕೊಡುವ ವೈದ್ಯರೊಬ್ಬರಿಗೆ ಕಳಿಸಿದೆ. ‘ಹಾರ್ತಿದೆ ಅಲ್ವಾ? ಹಾಗಾದ್ರೆ ಮುಟ್ಟಬೇಡಿ. ತಿನ್ನೋಕೆ ಸುಲಭ ಮಾಡಿಕೊಡಿ ಸಾಕು’ ಅಂದರು.

ತಟ್ಟೆ ಅಲ್ಲ, ಚಿಪ್ಪು

ಸುಲಭ ಮಾಡಿಕೊಡುವುದು ಅಂದುಕೊಂಡಷ್ಟು ಸುಲಭ ಅಲ್ಲ. ಮೊದಲ ದಿನ ಸ್ಟೀಲ್ ತಟ್ಟೆಯಲ್ಲಿ ಕಡಲೆಕಾಯಿ ಬೀಜ ಇಟ್ಟೆ. ಬೀಜ ಕೊಕ್ಕಿಗೆ ಸಿಗದೆ ಜಾರಿ ತಟ್ಟೆ ತುಂಬಾ ಓಡಾಡಿತು. ಮೈನಾಗಳು ಬಂದು ಖಾಲಿ ಮಾಡಿದವು. ಆಮೇಲೆ ಹೊಳೆಯಿತು: ಇಂಥ ಹಕ್ಕಿ ಹೆಕ್ಕಿ ತಿನ್ನಲಾರದು, ಮೊಗೆದು ತಿನ್ನಬೇಕು. ಅರ್ಧ ತೆಂಗಿನಕಾಯಿ ಚಿಪ್ಪನ್ನು ತಂತಿಯಲ್ಲಿ ಕೊಂಬೆಗೆ ಅಲ್ಲಾಡದಂತೆ ಕಟ್ಟಿ, ಮುಕ್ಕಾಲು ತುಂಬಿಸಿದೆ. ಮೂರನೇ ದಿನ ಕೊಕ್ಕೆ ಬಂತು. ತಲೆಯನ್ನು ಪೂರ್ತಿ ಬಲಕ್ಕೆ ವಾಲಿಸಿ, ಕೆಳಗಿನ ಕೊಕ್ಕನ್ನೇ ಚಮಚದ ಹಾಗೆ ಒತ್ತಿ, ಚಿಪ್ಪಿನ ಗೋಡೆಗೆ ಆನಿಸಿ ಪರಂಗಿ ಹಣ್ಣನ್ನು ಮೇಲಕ್ಕೆ ಎಳೆದುಕೊಂಡಿತು. ದಪ್ಪ ನಾಲಿಗೆ ಉಳಿದ ಕೆಲಸ ಮಾಡಿತು. ಆ ಒರಟು ಗೋಡೆ ಇಲ್ಲದಿದ್ದರೆ ಆಗುತ್ತಿರಲಿಲ್ಲ.

ಏನು ಹಾಕಬೇಕು? ಪರಂಗಿ, ಸೀಬೆ, ಬಾಳೆಹಣ್ಣು ಕಿವುಚಿ ಹಾಕಿ. ಬೇಯಿಸಿದ ಮುಸುಕಿನ ಜೋಳ, ಬೇಯಿಸಿದ ಗೆಣಸು ಅಥವಾ ಕ್ಯಾರೆಟ್, ಮೊಳಕೆ ಬರಿಸಿದ ಹೆಸರುಕಾಳು, ರಾತ್ರಿ ನೆನೆಸಿಟ್ಟ ನವಣೆ, ಎಲ್ಲ ಆಗುತ್ತದೆ. ಕಡಲೆಕಾಯಿ ಬೀಜ ಹಾಕುವುದಾದರೆ ನೆನೆಸಿ ಜಜ್ಜಿ. ಬೂಷ್ಟು ಹಿಡಿದ ಬೀಜ ಬೇಡವೇ ಬೇಡ. ಬಟರ್ ಫ್ರೂಟ್ ಮತ್ತು ಚಾಕೊಲೇಟ್ ಗಿಳಿಗಳಿಗೆ ವಿಷ. ಉಪ್ಪು, ಒಗ್ಗರಣೆ, ಹಾಲು ಕೂಡ ಬೇಡ, ಹಕ್ಕಿಗೆ ಹಾಲು ಅರಗುವುದಿಲ್ಲ. ಪಕ್ಕದಲ್ಲಿ ಆಳ ಇರುವ ಮಣ್ಣಿನ ಬೋಗುಣಿಯಲ್ಲಿ ನೀರು ಇಡಿ.

ಬೆಳಿಗ್ಗೆ ಒಂದು ಹಿಡಿ, ಸಂಜೆ ನಾಲ್ಕಕ್ಕೆ ಒಂದು ಹಿಡಿ, ಅಷ್ಟೇ. ರಾಶಿ ಹಾಕಿದರೆ ಊರಿನ ಗಿಳಿಗಳೆಲ್ಲ ಬಂದು, ಒಂದರ ರೋಗ ಇನ್ನೊಂದಕ್ಕೆ. ಚಿಪ್ಪನ್ನು ದಿನಾ ತೊಳೆಯಿರಿ. ವಾರಕ್ಕೊಮ್ಮೆ ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಸೇರಿಸಿ ನೆನೆಸಿಟ್ಟು, ಚೆನ್ನಾಗಿ ತೊಳೆದು ಬಿಸಿಲಿಗಿಡಿ. ಎರಡು ಚಿಪ್ಪು ಇದ್ದರೆ ಅನುಕೂಲ. ಒಣ ಹಿಕ್ಕೆಯನ್ನು ಪೊರಕೆಯಲ್ಲಿ ಗುಡಿಸಬೇಡಿ. ಅದರ ಧೂಳಿನಿಂದ ನಮಗೂ ಗಿಳಿ ಜ್ವರ ಅನ್ನುವ ಬೇರೆಯದೇ ಸೋಂಕು ಬರಬಹುದು. ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒರೆಸಿ.

ಕೈಯಲ್ಲಿ ತಿನ್ನಿಸುವ ಆಸೆ ಎಲ್ಲರಿಗೂ ಬರುತ್ತದೆ. ನನಗೂ ಬಂತು. ಆದರೆ ಮನುಷ್ಯರನ್ನು ನಂಬಿದ ಗಿಳಿ ಮುಂದಿನ ಬೀದಿಯಲ್ಲಿ ಯಾರ ಕೈಗೆ ಸಿಗುತ್ತದೋ.

ಯಾವಾಗ ಹಿಡಿಯಲೇಬೇಕು

ಹಕ್ಕಿ ಮೈ ಉಬ್ಬಿಸಿಕೊಂಡು ಹಗಲಲ್ಲೇ ತೂಕಡಿಸುತ್ತಿದ್ದರೆ, ನೆಲದ ಮೇಲೆ ಕೂತು ನೀವು ಹತ್ತಿರ ಹೋದರೂ ಏಳದಿದ್ದರೆ, ರಕ್ತ ಬರುತ್ತಿದ್ದರೆ, ಎದೆಯ ನಡುಮೂಳೆ ಚಾಕುವಿನಂತೆ ಎದ್ದು ಕಾಣುತ್ತಿದ್ದರೆ ತಡ ಮಾಡಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಅವರು ಬರುವವರೆಗೆ ಬೆಕ್ಕು, ಕಾಗೆಗಳ ಬಾಯಿಂದ ಉಳಿಸುವುದು ನಿಮ್ಮ ಕೆಲಸ.

ಮೇಲಿನಿಂದ ಹಳೆ ಟವೆಲ್ ಹಾಕಿ. ಹೆಬ್ಬೆರಳು, ತೋರುಬೆರಳು ದವಡೆಯ ಎರಡು ಕಡೆ ಇರಲಿ, ಸೊಟ್ಟ ಕೊಕ್ಕಾದರೂ ಕಚ್ಚಿದರೆ ರಕ್ತ ಬರುತ್ತದೆ. ಎದೆ ಮಾತ್ರ ಅಮುಕಬೇಡಿ. ಹಕ್ಕಿಗೆ ನಮ್ಮ ಹಾಗೆ ಎದೆ-ಹೊಟ್ಟೆ ನಡುವೆ ಉಸಿರಾಡಿಸುವ ಸ್ನಾಯುವಿನ ಪೊರೆ (ವಪೆ) ಇಲ್ಲ, ಎದೆ ಏರಿಳಿದರೆ ಮಾತ್ರ ಉಸಿರು. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಮುಚ್ಚಿ, ಕತ್ತಲಿರುವ ಬೆಚ್ಚಗಿನ ಜಾಗದಲ್ಲಿಡಿ. ಬಾಯಿಗೆ ನೀರು ಬಿಡಬೇಡಿ. ಉಸಿರುನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ, ನೀರು ನೇರ ಒಳಗೆ ಹೋಗುತ್ತದೆ. ಮಕ್ಕಳು ಐದು ನಿಮಿಷಕ್ಕೊಮ್ಮೆ ತೆರೆದು ನೋಡದಂತೆ ಪೆಟ್ಟಿಗೆ ಮೇಲೆ ಏನಾದರೂ ಭಾರ ಇಡಿ.

ಕೊಕ್ಕೆಗೆ ಪೆಟ್ಟಿಗೆ ಬೇಕಾಗಲಿಲ್ಲ. ಅದರ ಕೊರಳಲ್ಲಿ ಕಪ್ಪು-ಗುಲಾಬಿ ಪಟ್ಟಿ ಇರಲಿಲ್ಲ. ಹಾಗಾಗಿ ಹೆಣ್ಣು, ಇಲ್ಲವೇ ಇನ್ನೂ ಚಿಕ್ಕ ಗಂಡು ಅಂತ ಅಂದಾಜು ಮಾಡಿದ್ದೆ. ಗಂಡಿಗೆ ಪಟ್ಟಿ ಮೂಡಲು ಮೂರು ವರ್ಷದಷ್ಟು ಬೇಕು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಪಟ್ಟಿ ಇರುವ ಗಂಡೊಂದು ಅದರ ಪಕ್ಕ ಬಂದು ಕೂತಿತು. ತಲೆ ಕುಣಿಸಿ, ತಾನು ನುಂಗಿದ್ದನ್ನು ಹೊರತಂದು, ಆ ಸೊಟ್ಟ ಬಾಯಿಗೆ ಉಣಿಸಿತು. ಅವತ್ತು ಚಿಪ್ಪಿನಲ್ಲಿ ಪರಂಗಿ ಹಾಗೇ ಉಳಿದಿತ್ತು. ಮಧ್ಯಾಹ್ನ ಅಳಿಲು ಬಂದು ತಿಂದುಕೊಂಡು ಹೋಯಿತು.