ಸಾರಿಗೆ ಸಂಸ್ಥೆಯ ವರ್ಷದ ಲೆಕ್ಕದಲ್ಲಿ ನಿಮ್ಮೂರ ಬಸ್ಸನ್ನು ಹುಡುಕುವುದು ಹೇಗೆ

ಸಾರಿಗೆ ಸಂಸ್ಥೆಯ ವಾರ್ಷಿಕ ವರದಿ ಕೈಗೆ ಸಿಕ್ಕ ಕೂಡಲೇ ಎಲ್ಲರೂ ಲಾಭ-ನಷ್ಟದ ಪುಟಕ್ಕೆ ಹೋಗುತ್ತಾರೆ. 'ಓ, ಲುಕ್ಸಾನು' ಅಂತ ಹೇಳಿ ಮುಚ್ಚಿಡುತ್ತಾರೆ. ಆ ಪುಟ ಹುಬ್ಬಳ್ಳಿಯ ಕೇಂದ್ರ ಕಚೇರಿಯ ತಲೆನೋವು. ನಿಮ್ಮೂರಿನ ಸಂಜೆ ಬಸ್ಸು ಎಷ್ಟು ಸಲ ಬಂತು, ಎಷ್ಟು ಸಲ ಬರಲಿಲ್ಲ ಅನ್ನೋದು ಅಲ್ಲಿ ಸಿಗೋದಿಲ್ಲ. ಅದು ಇರೋದು ಕಿಲೋಮೀಟರಿನ ಪುಟದಲ್ಲಿ. ಮೊದಲು ಅದನ್ನು ತೆಗೆಯಿರಿ.

ನಾನು ಘಟ್ಟದ ಮೇಲೂ ಕೆಳಗೂ ಕಂಡಕ್ಟರಾಗಿ ತಿರುಗಿ, ಕೊನೆಗೆ ಡಿಪೋದಲ್ಲಿ ವೇಬಿಲ್ ನೋಡುತ್ತಾ ಕೂತು ನಿವೃತ್ತನಾದವನು. ಈಗ ಕುಮಟೆಯಲ್ಲಿ ಮನೆ. 'ಮಾಮಾ, ನಮ್ಮ ಬಸ್ಸಿಗೆ ಒಂದು ಅರ್ಜಿ ಬರೆದು ಕೊಡಿ' ಅಂತ ಊರಿನವರು ಬರುತ್ತಾರೆ. ಅರ್ಜಿ ಆಮೇಲೆ ಬರೆಯೋಣ, ಮೊದಲು ಲೆಕ್ಕ ಓದೋದು ಕಲಿಯಿರಿ ಅಂತ ಕೂರಿಸುತ್ತೇನೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ನಮ್ಮ ಜಿಲ್ಲೆಯ ಕೆಂಪು ಬಸ್ಸು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯದ್ದು. 1997ರ ನವೆಂಬರ್ 1ರಂದು ಕೆಎಸ್‌ಆರ್‌ಟಿಸಿಯಿಂದ ಬೇರೆಯಾಗಿದ್ದು. ಬೆಳಗಾವಿ, ಧಾರವಾಡ, ಗದಗ, ಹಾವೇರಿ, ಬಾಗಲಕೋಟೆ, ಜೊತೆಗೆ ನಮ್ಮ ಉತ್ತರ ಕನ್ನಡ. ನಮ್ಮ ವಿಭಾಗದ ಕಚೇರಿ ಜಿಲ್ಲಾ ಕೇಂದ್ರ ಕಾರವಾರದಲ್ಲಿಲ್ಲ, ಶಿರಸಿಯಲ್ಲಿದೆ. ಕಾರವಾರದವರಿಗೆ ಈ ಬಗ್ಗೆ ಹಳೇ ಗೊಣಗಾಟ ಇದೆ, ಅದು ಇರಲಿ. ಗಮನಿಸಬೇಕಾದ್ದು ಇಷ್ಟೇ: ಸಂಸ್ಥೆಯ ವಾರ್ಷಿಕ ವರದಿಯಲ್ಲಿ ದೊಡ್ಡದಾಗಿ ಕಾಣುವ ಅಂಕಿ ಆರೂ ಜಿಲ್ಲೆಗಳ ಸರಾಸರಿ. ಬಾಗಲಕೋಟೆಯ ಬಯಲು ರಸ್ತೆಯೂ ದೇವಿಮನೆ ಘಟ್ಟವೂ ಅದರಲ್ಲಿ ಒಂದೇ ಪಾತ್ರೆಗೆ ಬಿದ್ದಿರುತ್ತವೆ. ಹಾಗಾಗಿ ವಿಭಾಗವಾರು ಪಟ್ಟಿ ಇದ್ದರೆ ಅದನ್ನೇ ಹಿಡಿಯಿರಿ.

ವರದಿ ಎಲ್ಲಿ ಸಿಗುತ್ತದೆ ಅಂತ ಕೇಳ್ತೀರಲ್ವಾ. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆ ಪ್ರಕಾರ ಸಂಸ್ಥೆ ವರ್ಷದ ಆಡಳಿತ ವರದಿ ಮಾಡಿ ಸರ್ಕಾರಕ್ಕೆ ಕೊಡಬೇಕು, ಅದು ವಿಧಾನಮಂಡಲದ ಮುಂದೆ ಹೋಗುತ್ತದೆ. ಲೆಕ್ಕ ತಪಾಸಣೆ ಸಿಎಜಿಯದ್ದು. ಕೇಂದ್ರದ ಸಾರಿಗೆ ಸಚಿವಾಲಯ ಎಲ್ಲ ರಾಜ್ಯಗಳ ಸಾರಿಗೆ ಸಂಸ್ಥೆಗಳನ್ನು ಒಟ್ಟಿಗೆ ಇಟ್ಟು ಒಂದು ಪರಾಮರ್ಶೆ ಪ್ರಕಟಿಸುತ್ತದೆ, ಅದರಲ್ಲಿ ನಮ್ಮ ಸಂಸ್ಥೆಗೂ ಒಂದು ಸಾಲು ಇರುತ್ತದೆ. ರಾಜ್ಯದ ಆರ್ಥಿಕ ಸಮೀಕ್ಷೆಯಲ್ಲೂ ನಾಲ್ಕು ನಿಗಮಗಳ ಕೋಷ್ಟಕ ಸಿಗುತ್ತದೆ. ಆದರೆ ಇವೆಲ್ಲ ಮೇಲಿನಿಂದ ನೋಡಿದ ಚಿತ್ರ. ಡಿಪೋ ಲೆಕ್ಕ ಕೇಳಿ ತಗೊಳ್ಳಬೇಕು, ಅದನ್ನು ಕೊನೆಗೆ ಹೇಳ್ತೇನೆ.

ಈಗ ಕಿಲೋಮೀಟರಿಗೆ ಬರೋಣ. ಮೂರು ಅಂಕಿ ಹುಡುಕಿ. ಓಡಬೇಕಾಗಿದ್ದ ಕಿಲೋಮೀಟರ್, ರದ್ದಾದ ಕಿಲೋಮೀಟರ್, ನಿಜವಾಗಿ ಓಡಿದ ಕಿಲೋಮೀಟರ್. ಒಂದು ಬಸ್ಸಿಗೆ ದಿನಕ್ಕೆ ಕೊಟ್ಟ ಕೆಲಸಕ್ಕೆ ವರದಿಯಲ್ಲಿ ಅನುಸೂಚಿ ಅಂತ ಬರೆದಿರುತ್ತಾರೆ, ಡಿಪೋದಲ್ಲಿ ಎಲ್ಲರೂ ಶೆಡ್ಯೂಲ್ ಅಂತಲೇ ಅನ್ನೋದು. ರದ್ದಾದದ್ದಕ್ಕೆ ಕಾರಣವನ್ನೂ ವಿಂಗಡಿಸಿಟ್ಟಿರುತ್ತಾರೆ: ಬಸ್ಸಿಲ್ಲ, ಚಾಲಕ-ನಿರ್ವಾಹಕ ಇಲ್ಲ, ಇತರೆ. ಈ ವಿಂಗಡಣೆ ಸಿಕ್ಕರೆ ಬಿಡಬೇಡಿ. ಬಸ್ಸಿಲ್ಲದೆ ರದ್ದಾದರೆ ಕೇಳಬೇಕಾದ ಪ್ರಶ್ನೆ ಒಂದು, ಸಿಬ್ಬಂದಿ ಇಲ್ಲದೆ ರದ್ದಾದರೆ ಬೇರೆ.

ಲೆಕ್ಕಕ್ಕೆ ಅಂತ ಒಂದು ಊರು ಇಟ್ಟುಕೊಳ್ಳಿ. ಶಿರಸಿಯಿಂದ 40 ಕಿ.ಮೀ. ದಿನಕ್ಕೆ ಎರಡು ಸಲ ಹೋಗಿ ಬರುವ ಬಸ್ಸು, ರಾತ್ರಿ ಊರಲ್ಲೇ ವಸ್ತಿ. ದಿನಕ್ಕೆ 160 ಕಿ.ಮೀ., ವರ್ಷಕ್ಕೆ 58,400. ಮಳೆಗಾಲದಲ್ಲಿ 30 ರಾತ್ರಿ ವಸ್ತಿ ಬಸ್ಸು ಬರಲಿಲ್ಲ ಅನ್ನಿ. ಸಂಜೆಯ ಬಸ್ಸು ಬರದಿದ್ದರೆ ಬೆಳಗಿನ ಬಸ್ಸೂ ಇಲ್ಲ, ಬೆಳಿಗ್ಗೆ ಹೊರಡುವುದಕ್ಕೆ ಊರಲ್ಲಿ ಬಸ್ಸೇ ಇರೋದಿಲ್ಲವಲ್ಲ. ದಿನಕ್ಕೆ 80ರಂತೆ 2,400 ಕಿ.ಮೀ. ಹೋಯಿತು. ವರ್ಷದ ಲೆಕ್ಕದಲ್ಲಿ ಅದು ನೂರಕ್ಕೆ ನಾಲ್ಕು ಚಿಲ್ಲರೆ. ವರದಿಯಲ್ಲಿ 'ಶೇ 96 ಕಾರ್ಯಾಚರಣೆ' ಅಂತ ಬರುತ್ತದೆ. ಭೇಷ್ ಅನ್ನಿಸುತ್ತದೆ! ಊರಲ್ಲಿ ಮಾತ್ರ ಪಿಯುಸಿ ಮಕ್ಕಳಿಗೆ ಒಂದು ತಿಂಗಳ ಮೊದಲ ಪೀರಿಯಡ್ ಹೋಗಿರುತ್ತದೆ.

ಅದಕ್ಕೇ ವರ್ಷದ ಶೇಕಡಾವಾರು ನಂಬಿ ಕೂರಬೇಡಿ. ಯಾವ ತಿಂಗಳು, ಯಾವ ಹೊತ್ತಿನ ಟ್ರಿಪ್ಪು ಅಂತ ನೋಡಬೇಕು.

ಇನ್ನೊಂದು ಸೂಕ್ಷ್ಮ ಇದೆ. ಓಡಿದ ಕಿಲೋಮೀಟರಿನಲ್ಲಿ ಹೆಚ್ಚುವರಿ ಓಟವೂ ಸೇರಿರಬಹುದು. ಜಾತ್ರೆಯ ವಿಶೇಷ ಬಸ್ಸು, ಮದುವೆ ದಿಬ್ಬಣಕ್ಕೆ ಬಾಡಿಗೆ ಹೋದ ಬಸ್ಸು, ಚುನಾವಣೆಗೆ ಮತಗಟ್ಟೆ ಸಿಬ್ಬಂದಿಯನ್ನು ಒಯ್ದ ಬಸ್ಸು. ಇದನ್ನೆಲ್ಲ ಕೂಡಿಸಿದರೆ ಡಿಪೋದ ಒಟ್ಟು ಓಟ ನೂರರ ಹತ್ತಿರ ಬಂದು ನಿಲ್ಲುತ್ತದೆ, ಹಳ್ಳಿಯ ಟ್ರಿಪ್ಪು ತಪ್ಪಿದ್ದು ಅದರೊಳಗೆ ಮುಚ್ಚಿಹೋಗುತ್ತದೆ. 2023ರ ಮೇನಲ್ಲಿ ವಿಧಾನಸಭೆ ಚುನಾವಣೆ, 2024ರ ಮೇನಲ್ಲಿ ಲೋಕಸಭೆ. ಎರಡೂ ವರ್ಷದ ಲೆಕ್ಕದಲ್ಲಿ ಈ ಬಾಡಿಗೆ ಓಟವನ್ನು ಬೇರೆ ತೆಗೆದು ನೋಡಿ.

ವರ್ಷ ಅಂದಾಗ ಏಪ್ರಿಲಿಂದ ಮಾರ್ಚ್. ನಮ್ಮಲ್ಲಿ ಇದು ಬಹಳ ಮುಖ್ಯ, ಯಾಕೆಂದರೆ ಶಿರಸಿ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. 2024ರ ಮಾರ್ಚಿನ ಜಾತ್ರೆ 2023-24ರ ಲೆಕ್ಕಕ್ಕೆ ಬಿತ್ತು. 2024-25ಕ್ಕೆ ಜಾತ್ರೆಯೇ ಇಲ್ಲ. ಈ ಎರಡನ್ನೂ ಪಕ್ಕಪಕ್ಕ ಇಟ್ಟು 'ಶಿರಸಿ ಡಿಪೋ ಆದಾಯ ಬಿತ್ತು' ಅಂದರೆ ಅದು ಅರ್ಧ ಮಾತು. ಜಾತ್ರೆ ವರ್ಷವನ್ನು ಜಾತ್ರೆ ವರ್ಷಕ್ಕೇ ಹೋಲಿಸಿ. ಅದರಲ್ಲೂ 2020ರ ಜಾತ್ರೆ ಮುಗಿದ ಬೆನ್ನಿಗೇ ಲಾಕ್‌ಡೌನ್ ಬಂತು, ಆ ಮಾರ್ಚ್ ಯಾವ ಹೋಲಿಕೆಗೂ ಆಗೋದಿಲ್ಲ. ಅದರ ಮರು ವರ್ಷ ಕೊರೊನಾದ್ದೇ. 2021ರ ಏಪ್ರಿಲ್ಲಿನಲ್ಲಿ ನೌಕರರ ಮುಷ್ಕರ. ಜಾತ್ರೆ ಇಲ್ಲದ ಹಳೇ ವರ್ಷ ತೆಗೆಯುವುದಾದರೆ 2018-19ಕ್ಕೇ ಹೋಗಿ.

2024-25ಕ್ಕೆ ಕರಾವಳಿಯಲ್ಲಿ ಬೇರೆಯೇ ಕಥೆ. ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಯಿತು. ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಕಾರವಾರ, ಅಂಕೋಲಾ, ಕುಮಟಾ ಡಿಪೋಗಳ ಆ ಎರಡು ತಿಂಗಳ ರದ್ದತಿಯನ್ನು 'ಇತರೆ' ಸಾಲಿನಲ್ಲಿ ಹುಡುಕಿ. ಅದನ್ನು ಡಿಪೋದವರ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ಹಾಗೆಯೇ ಜನವರಿಯ ರದ್ದತಿಗೂ ಶಿರೂರಿನ ಹೆಸರು ಹೇಳಿದರೆ ನೀವು ಒಪ್ಪಬೇಡಿ.

ಇನ್ನು ಲೋಡ್ ಫ್ಯಾಕ್ಟರ್, ಅಂದರೆ ಬಸ್ಸಿನ ಸೀಟು ನೂರಕ್ಕೆ ಎಷ್ಟು ತುಂಬಿ ಓಡಿತು ಅನ್ನೋ ಲೆಕ್ಕ. ಹಳ್ಳಿ ಬಸ್ಸು ತೆಗೆಯುವಾಗ ಅಧಿಕಾರಿಗಳು ಮೊದಲು ತೋರಿಸುವ ಅಂಕಿ ಇದೇ. 'ಅರ್ಧ ಬಸ್ ಖಾಲಿ ಓಡ್ತದೆ ಮಾರಾಯ್ರೆ' ಅಂತಾರೆ. ಅದೇ 40 ಕಿ.ಮೀ. ಬಸ್ಸು, 50 ಸೀಟು. ಒಟ್ಟು 2,000 ಸೀಟು-ಕಿಲೋಮೀಟರ್ ಆಯಿತು. ಶಿರಸಿ ಬಿಡುವಾಗ 60 ಜನ, ಹತ್ತು ಮಂದಿ ನಿಂತಿದ್ದಾರೆ. ಹತ್ತು ಕಿ.ಮೀ. ಆದಮೇಲೆ 30 ಜನ ಉಳಿದರು, ಮುಂದಿನ ಹತ್ತು ಕಿ.ಮೀ. ಕಳೆದು 12, ಕೊನೆಯ ಹತ್ತಕ್ಕೆ 8. ಹತ್ತರಿಂದ ಗುಣಿಸಿ ಕೂಡಿಸಿ: 600, 300, 120, 80. ಒಟ್ಟು 1,100. ಎರಡು ಸಾವಿರದಲ್ಲಿ ಶೇ 55. ಕಾಲಿಡಲು ಜಾಗ ಇಲ್ಲದೆ ಹೊರಟ ಬಸ್ಸು ಕಾಗದದ ಮೇಲೆ ಅರ್ಧ ಖಾಲಿ. ಇದರಲ್ಲಿ ಯಾರೂ ಸುಳ್ಳು ಹೇಳಿಲ್ಲ, ಸರಾಸರಿ ಅಂದರೆ ಹಾಗೇ. ಕೊನೆಯ ಎಂಟು ಜನರಿಗೆ ಬೇರೆ ಬಸ್ಸಿಲ್ಲ ಅನ್ನೋದನ್ನು ಬರೆಯಲು ವರದಿಯಲ್ಲಿ ಕಾಲಂ ಇಲ್ಲ, ಅರ್ಜಿಯಲ್ಲಿ ನೀವೇ ಬರೆಯಬೇಕು. ಕುಮಟಾ-ಹೊನ್ನಾವರದ ಕಡೆ ಟೆಂಪೋ ಹತ್ತಿ ಹೋದವರ ಲೆಕ್ಕವಂತೂ ಎಲ್ಲೂ ಬರೋದಿಲ್ಲ.

ಇಲ್ಲೊಂದು ಕೆಲಸ ಪ್ರಯಾಣಿಕರ ಕೈಯಲ್ಲೇ ಇದೆ. ಟಿಕೆಟ್ ತಗೊಳ್ಳಿ, ಇಳಿಯುವ ಊರಿನದೇ ತಗೊಳ್ಳಿ. ಹೆಂಗಸರು 'ನಮ್ದು ಫ್ರೀ ಅಲ್ವಾ' ಅಂತ ಸುಮ್ನೆ ಕೂರಬಾರದು. ಶೂನ್ಯ ಟಿಕೆಟ್ ಹರಿಸಿದರೆ ಮಾತ್ರ ನೀವು ಆ ಬಸ್ಸಿನಲ್ಲಿದ್ದಿರಿ ಅಂತ ಲೆಕ್ಕ. ಸರ್ಕಾರ ಸಂಸ್ಥೆಗೆ ದುಡ್ಡು ತುಂಬಿಕೊಡುವುದೂ ಅದರ ಮೇಲೆಯೇ. ಪಾಸಿನ ಮಕ್ಕಳಿಗೆ ದಿನಾ ಟಿಕೆಟ್ ಹರಿಯುವುದಿಲ್ಲ, ಹಾಗಾಗಿ ಮಕ್ಕಳೇ ತುಂಬಿದ ಬೆಳಗಿನ ಟ್ರಿಪ್ಪಿನ ಕಲೆಕ್ಷನ್ ಬಡಕಲಾಗಿ ಕಾಣುತ್ತದೆ. ಶಾಲೆ-ಕಾಲೇಜಿನಿಂದ ಪಾಸಿನವರ ಪಟ್ಟಿ ಮಾಡಿಸಿ ಜೊತೆಗೆ ಇಡಿ.

ಇಪಿಕೆಎಂ ಅಂದರೆ ಒಂದು ಕಿ.ಮೀ. ಓಡಿದರೆ ಬಂದ ಆದಾಯ, ಸಿಪಿಕೆಎಂ ಅಂದರೆ ಆದ ಖರ್ಚು. ಆದಾಯದ ಅಂಕಿ ಏರಿದ್ದು ಕಂಡರೆ ತಕ್ಷಣ ಹಿಗ್ಗಬೇಡಿ. 2025ರ ಜನವರಿ 5ರಿಂದ ದರ ಶೇ 15 ಏರಿತು. ಟಿಕೆಟ್ಟಿನಿಂದ ಕಿ.ಮೀ.ಗೆ 30 ರೂಪಾಯಿ ಬರುತ್ತಿದ್ದರೆ, ಒಬ್ಬ ಪ್ರಯಾಣಿಕನೂ ಜಾಸ್ತಿಯಾಗದೆ ಅದು 34.50 ಆಗುತ್ತದೆ. ಅದೂ 2024-25ರಲ್ಲಿ ಕೊನೆಯ ಮೂರು ತಿಂಗಳಿಗೆ ಮಾತ್ರ, ಪೂರ್ತಿ ಪರಿಣಾಮ 2025-26ಕ್ಕೆ. ಶಕ್ತಿ ಯೋಜನೆಯೂ ಹಾಗೇ. ಶುರುವಾದದ್ದು 2023ರ ಜೂನ್ 11ಕ್ಕೆ, ಪೂರ್ತಿ ವರ್ಷ ಸಿಕ್ಕಿದ್ದು 2024-25ರಿಂದ. ಆದಾಯದಲ್ಲಿ ಶಕ್ತಿಯ ಹಣ ಸೇರಿದೆಯೋ, ಸೇರಿದ್ದರೆ ಬರಬೇಕಾದದ್ದೋ ಕೈಗೆ ಬಂದದ್ದೋ ಅಂತ ಅಡಿಟಿಪ್ಪಣಿ ಓದಿ. ಅಂತರರಾಜ್ಯ ಬಸ್ಸಿಗೆ ಶಕ್ತಿ ಇಲ್ಲ, ಆದ್ದರಿಂದ ಗೋವಾಕ್ಕೆ ಬಸ್ಸು ಬಿಡುವ ಕಾರವಾರದ ಅಂಕಿ ಯಲ್ಲಾಪುರದ ಹಾಗೆ ಕಾಣಬೇಕು ಅಂತಿಲ್ಲ.

ಡೀಸೆಲ್ಲಿನ ಕೆಎಂಪಿಎಲ್ (ಒಂದು ಲೀಟರಿಗೆ ಎಷ್ಟು ಕಿ.ಮೀ. ಓಡಿತು ಅನ್ನೋದು), ಬ್ರೇಕ್‌ಡೌನ್ ಇವನ್ನು ಬೇಗ ನೋಡಿ ಮುಂದೆ ಹೋಗಬಹುದು. ಬ್ರೇಕ್‌ಡೌನನ್ನು 10,000 ಕಿ.ಮೀ.ಗೆ, ಅಪಘಾತವನ್ನು ಒಂದು ಲಕ್ಷ ಕಿ.ಮೀ.ಗೆ ಎಷ್ಟು ಅಂತ ಹಾಕಿರುತ್ತಾರೆ. ಘಟ್ಟದ ಬಸ್ಸು ಡೀಸೆಲ್ ಜಾಸ್ತಿ ಕುಡಿಯುತ್ತದೆ, ಟೈರು ಬೇಗ ಸವೆಯುತ್ತದೆ. ಗದಗಿನ ಜೊತೆ ಹೋಲಿಸಿ ನಮ್ಮ ಚಾಲಕರನ್ನು ಬೈಯುವುದು ಅರ್ಥವಿಲ್ಲದ್ದು, ಅರಬೈಲು ಇಳಿದು ನೋಡಿದವರಿಗೆ ಗೊತ್ತು. ಬಸ್ಸುಗಳ ಸಂಖ್ಯೆ ಮಾತ್ರ ನೋಡಿ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದು ಅಂತ ಕೇಂದ್ರದ ನಿಯಮ ಬಂದಿದೆ, ಸಾರಿಗೆ ನಿಗಮದ ಬಸ್ಸಿಗೂ ಅದು ಅನ್ವಯ. ಎಷ್ಟು ಹೊಸ ಬಸ್ಸು ಬಂತು ಅನ್ನೋದರ ಪಕ್ಕದಲ್ಲೇ ಎಷ್ಟು ಗುಜರಿಗೆ ಹೋಯಿತು ಅಂತ ಕೇಳಿ.

ಡಿಪೋ ಲೆಕ್ಕಕ್ಕೆ ಎರಡು ದಾರಿ. ಒಂದು, ತಾಲೂಕಿನ ಕೆಡಿಪಿ ಸಭೆ, ಅಂದರೆ ಇಲಾಖೆಗಳ ಪ್ರಗತಿ ಪರಿಶೀಲನೆಯ ಸಭೆ. ಅಲ್ಲಿ ಡಿಪೋ ಮ್ಯಾನೇಜರ್ ಬಂದು ಪ್ರಗತಿ ಓದುತ್ತಾರೆ. ಶಾಸಕರ ಕೈಗೋ ಸದಸ್ಯರ ಕೈಗೋ ಮೊದಲೇ ಒಂದು ಚೀಟಿ ಕೊಟ್ಟಿರಿ: 'ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರದ್ದಾದ ಟ್ರಿಪ್ಪು ಎಷ್ಟು, ಕಾರಣ ಏನು?' ಬಾಯಿಮಾತಿನ ಉತ್ತರ ಸಾಕಾಗದಿದ್ದರೆ ಲಿಖಿತದಲ್ಲಿ ಕೇಳಿಸಿ. 'ನಷ್ಟದ ಮಾರ್ಗ' ಅನ್ನೋ ಮಾತು ಬಂದೇ ಬರುತ್ತದೆ. ವ್ಯವಹಾರದ ತತ್ವದ ಮೇಲೆ ನಡೆಯಬೇಕು ಅಂತ ಆ 1950ರ ಕಾಯ್ದೆಯ 22ನೇ ಕಲಂ ಹೇಳುವುದು ನಿಜ. ಅದೇ ಕಾಯ್ದೆಯ 18ನೇ ಕಲಂ ಜನರಿಗೆ ಸಾಕಾಗುವಷ್ಟು ಸಾರಿಗೆ ಸೇವೆ ಕೊಡುವುದು ನಿಗಮದ ಕರ್ತವ್ಯ ಅನ್ನುತ್ತದೆ. ಜಗಳ ಮಾಡದೆ ಎರಡನ್ನೂ ಓದಿ ಹೇಳಿ.

ಎರಡನೆಯದು ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆಗುತ್ತದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ಊರಿನ ಕಷ್ಟವೆಲ್ಲ ಬರೆಯಲು ಹೋಗಬೇಡಿ. ಶಿರಸಿಯ ವಿಭಾಗೀಯ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹೀಗೆ ಬರೆಯಿರಿ: ಇಂಥ ಡಿಪೋದ ಇಂಥ ನಂಬರಿನ ಅನುಸೂಚಿ, ಇಂಥ ವರ್ಷ, ತಿಂಗಳುವಾರು ಓಡಬೇಕಾಗಿದ್ದ ಕಿ.ಮೀ., ರದ್ದಾದ ಕಿ.ಮೀ. ಕಾರಣಸಹಿತ, ಹೆಚ್ಚುವರಿ ಕಿ.ಮೀ., ಓಡಿದ ಕಿ.ಮೀ. ಅನುಸೂಚಿಯ ನಂಬರು ಗೊತ್ತಿಲ್ಲದಿದ್ದರೆ ನಿಮ್ಮ ಬಸ್ಸಿನ ಕಂಡಕ್ಟರನ್ನೇ ಕೇಳಿ, ಹೇಳುತ್ತಾರೆ. 'ಯಾಕೆ ಬಸ್ ಬಿಡ್ತಿಲ್ಲ' ಅಂತ ಅರ್ಜಿಯಲ್ಲಿ ಕೇಳಬೇಡಿ. ದಾಖಲೆ ಕೇಳಿದರೆ ದಾಖಲೆ ಬರುತ್ತದೆ, ಯಾಕೆ ಅಂದರೆ ಪತ್ರ ವಾಪಸ್ ಬರುತ್ತದೆ. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

ಉತ್ತರ ಬಂದ ಮೇಲೆ ಮೊದಲು ಕೂಡಿ ಕಳೆದು ನೋಡಿ. ಓಡಬೇಕಾಗಿದ್ದರಲ್ಲಿ ರದ್ದಾದದ್ದು ಕಳೆದು, ಹೆಚ್ಚುವರಿ ಸೇರಿಸಿದರೆ ಓಡಿದ್ದು ಬರಬೇಕು. ಯಾವ ತಿಂಗಳಲ್ಲಿ ತಾಳೆ ಆಗುವುದಿಲ್ಲವೋ, ಮುಂದಿನ ಅರ್ಜಿಯಲ್ಲಿ ಆ ತಿಂಗಳ ದಿನವಾರು ಪಟ್ಟಿ ಕೇಳಿ.